ಒಟ್ಟಿಗೆ ಮೂರು ಪುಸ್ತಕ ಓದಿದರೆ ಎಲ್ಲಾ ಮರೆತುಹೋಗುತ್ತಾ?

ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಒಂದು ಪುಸ್ತಕ ಮುಗಿಸದೆ ಇನ್ನೊಂದು ಹಿಡಿದರೆ ಯಾವುದೂ ತಲೆಯಲ್ಲಿ ನಿಲ್ಲಲ್ಲ.' ಇದು ಸರಿಯಲ್ಲ.

ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದ್ದು ಜಾಸ್ತಿ ದಿನ ನೆನಪಿರುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಕೂತಲ್ಲೇ ಐದು ನಿಮಿಷಕ್ಕೊಂದು ಪುಸ್ತಕ ಬದಲಿಸಿದರೆ ಗಮನ ಚದುರುತ್ತದೆ, ನಿಜ. ಅದು ಬೇರೆ ಮಾತು.

ನನ್ನ ದಿನ ನೋಡಿ. ಬೆಳಿಗ್ಗೆ ವಿಜಯನಗರದಿಂದ ಎಂ.ಜಿ. ರಸ್ತೆವರೆಗೆ ಮೆಟ್ರೋದಲ್ಲಿ ನಿಂತುಕೊಂಡೇ ಕಗ್ಗ. 1943ರಲ್ಲಿ ಬಂದ ಡಿವಿಜಿಯವರ ಈ ಪುಸ್ತಕದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ಒಂದು ಓದಿ ಮುಚ್ಚಿಟ್ಟರೂ ಎಳೆ ತಪ್ಪಲ್ಲ. ಇಡೀ ದಿನ ಆ ಪದ್ಯ ತಲೆಯಲ್ಲಿ ಸುತ್ತುತ್ತಿರುತ್ತದೆ. ಮಧ್ಯಾಹ್ನ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯದಲ್ಲಿ ಪಠ್ಯ. ರಾತ್ರಿ ಕಾದಂಬರಿ, ಹತ್ತು ಪುಟವಾದರೂ ಸರಿ. ಗುರುತಿಗೆ ಹಳೇ ಬಸ್ ಟಿಕೆಟ್. ಅಸೈನ್‌ಮೆಂಟ್ ಮುಗಿಸಿ ಆ ಟಿಕೆಟ್ ಇರುವ ಪುಟ ತೆರೆದಾಗ, ಬಿಟ್ಟುಹೋದ ಮನೆಗೆ ವಾಪಸ್ ಬಂದಷ್ಟು ಖುಷಿ.

ಆ ಸಂದೇಶ ನಂಬಿ ಗೆಳತಿಯೊಬ್ಬಳು ಅರ್ಧ ಓದಿದ ಕಾದಂಬರಿಯನ್ನು ನನಗೆ ವಾಪಸ್ ಕೊಟ್ಟಳು. ಅದಕ್ಕೇ ಇದನ್ನು ಬರೆದೆ. ಅವಳು ಮಡಿಚಿದ್ದ ಪುಟ ಹಾಗೇ ಇದೆ, ನಾಳೆ ತಗೊಂಡು ಹೋಗುತ್ತೇನೆ.