ಸತ್ಯಾಂಶ: ಆರಡಿ ಇಲ್ಲದವರಿಗೆ ಬಾಸ್ಕೆಟ್‌ಬಾಲ್ ತಂಡದಲ್ಲಿ ಜಾಗವಿಲ್ಲವೇ?

ಕಾಲೇಜು ಪ್ರವೇಶದ ಹೊತ್ತಿಗೆ ಕಾಸರಗೋಡು, ಕುಂಬಳೆ ಕಡೆಯ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಸಂದೇಶ ತಿರುಗುತ್ತದೆ: ಆರಡಿ ಎತ್ತರವಿಲ್ಲದವರನ್ನು ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು. ಕಳುಹಿಸುವವರದು ಮಕ್ಕಳ ಮೇಲಿನ ಕಾಳಜಿಯೇ. ಆದರೆ ಅಂಥ ನಿಯಮ ಆಟದಲ್ಲಿಲ್ಲ.

ಅಂತರರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮಪುಸ್ತಕ ರಿಂಗ್ 3.05 ಮೀಟರ್ ಎತ್ತರದಲ್ಲಿರಬೇಕು ಎನ್ನುತ್ತದೆ. ಆಟಗಾರ ಎಷ್ಟು ಎತ್ತರ ಇರಬೇಕೆಂದು ಹೇಳುವುದಿಲ್ಲ.

ಹಾಗೆಂದು ಎತ್ತರ ಲೆಕ್ಕಕ್ಕೇ ಇಲ್ಲ ಎನ್ನುವುದೂ ಸರಿಯಲ್ಲ. ರಿಂಗ್ ಕೆಳಗೆ ರಿಬೌಂಡ್ (ಗುರಿ ತಪ್ಪಿ ಮರಳುವ ಚೆಂಡು) ಹಿಡಿಯಲು, ಶಾಟ್ ತಡೆಯಲು ಎತ್ತರವೂ ಉದ್ದ ಕೈಯೂ ದೊಡ್ಡ ಅನುಕೂಲ. ತಂಡದ ಆಟವನ್ನು ನಡೆಸುವ ಪಾಯಿಂಟ್ ಗಾರ್ಡ್‌ನ ಕೆಲಸವೇ ಬೇರೆ: ಚೆಂಡನ್ನು ನೆಲಕ್ಕೆ ಹತ್ತಿರ ಪುಟಿಸುತ್ತ (ಡ್ರಿಬಲ್ ಮಾಡುತ್ತ), ತಲೆಯೆತ್ತಿ ನೋಡಿ ಪಾಸ್ ಕೊಡಬೇಕು. 5 ಅಡಿ 3 ಇಂಚಿನ ಮಗ್ಸಿ ಬೋಗ್ಸ್ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಆಡಿ, 1987ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಗೆ 12ನೆಯವರಾಗಿ ಆಯ್ಕೆಯಾದರು. ಅವರು ಅಪರೂಪದವರು, ನಿಜ. ಆದರೆ ನಿಯಮವೇ ಅಡ್ಡವಿದ್ದರೆ ಅವರೂ ಆಡುತ್ತಿರಲಿಲ್ಲ.

ಪರಿಶೀಲಿಸುವುದು ಸುಲಭ. ಫೀಬಾ ಜಾಲತಾಣದಲ್ಲಿ ನಿಯಮಪುಸ್ತಕ ಉಚಿತವಾಗಿದೆ. ಯಾವುದೇ ವಿಶ್ವವಿದ್ಯಾಲಯ ತಂಡದ ಪಟ್ಟಿ ಸಿಕ್ಕಿದರೆ ಗಾರ್ಡ್‌ಗಳ ಎತ್ತರವನ್ನೂ ರಿಂಗ್ ಬಳಿ ಆಡುವ ಸೆಂಟರ್‌ಗಳ ಎತ್ತರವನ್ನೂ ಹೋಲಿಸಿ ನೋಡಿ. ಸೇರಬೇಕೆಂದಿರುವ ಕಾಲೇಜಿನ ದೈಹಿಕ ಶಿಕ್ಷಣ ಅಧ್ಯಾಪಕರನ್ನು, ಆಯ್ಕೆ ಹೇಗೆ ನಡೆಯುತ್ತದೆ ಎಂದು ನೇರವಾಗಿ ಕೇಳಿ.