ಪಾಸಾಯಿತು, ಅಭಿನಂದನೆ ಹೇಳಬೇಡಿ

ನಮ್ಮ ಬಿಳಿ ವ್ಯಾನು ಇವತ್ತು ನೋಂದಣಿ ನವೀಕರಣದ ತಪಾಸಣೆಯಲ್ಲಿ ಪಾಸಾಯಿತು. ಇನ್ನು ಐದು ವರ್ಷ ರಸ್ತೆಯ ಮೇಲೆ ಓಡಾಡಲು ಅದು ಯೋಗ್ಯ ಎಂದು ಸರಕಾರವೇ ಒಪ್ಪಿಕೊಂಡಿದೆ. ದಯವಿಟ್ಟು ಯಾರೂ ಕೆಳಗೆ ಹೂಗುಚ್ಛದ ಚಿತ್ರ ಹಾಕಬೇಡಿ. ಫೇಲಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಈ ವ್ಯಾನಿನ ಜಾತಕ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಕೆಲವರಂತೂ ಇದನ್ನು ಮಳೆಯಲ್ಲಿ ತಳ್ಳಿಯೂ ಇದ್ದೀರಿ. 2005ರ ಗಾಡಿ. ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಹಾಗಾಗಿ ಬೇಸಿಗೆಯಲ್ಲಿ ಓಡಿಸುವವನಿಗೂ ಪಕ್ಕದಲ್ಲಿ ಕುಳಿತವನಿಗೂ ಬೇಯುವ ಭಾಗ್ಯ ಸಮಾನ. ಶಾಲೆಗೆ ಹೋಗಿ ಬಂದದ್ದು, ಅಡಿಕೆ ಮೂಟೆ ಹೊತ್ತದ್ದು, ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನೂ ಅವರ ಥರ್ಮೊಕೋಲ್ ಜ್ವಾಲಾಮುಖಿಗಳನ್ನೂ ಸಾಗಿಸಿದ್ದು ಎಲ್ಲ ಇದರಲ್ಲೇ. ನಾನು ನಿವೃತ್ತನಾದೆ, ಇದು ಆಗಲಿಲ್ಲ. ಯಾವ ಕಂಪನಿಯದ್ದೆಂದು ಬರೆಯುವುದಿಲ್ಲ. ಇಪ್ಪತ್ತು ವರ್ಷ ದುಡಿದ ಮೇಲೆ ಕಂಪನಿಯನ್ನು ದೂರುವುದು ನ್ಯಾಯವೂ ಅಲ್ಲ.

ಇವತ್ತು ನಡೆದದ್ದು ಇಷ್ಟು. ಯಾವ ಊರಿನ ಸಾರಿಗೆ ಕಚೇರಿ ಎಂಬುದು ಬೇಡ. ಮೈದಾನದಲ್ಲಿ ಆಟೊ, ಶಾಲಾ ವ್ಯಾನು, ಟಿಪ್ಪರು, ಎಂಟು ಹಾಕಲು ಕಾಯುತ್ತಿರುವ ಸ್ಕೂಟರಿನ ಹುಡುಗಿಯರು, ಎಲ್ಲ ಒಂದೇ ಕಡೆ. ಬ್ರೇಕ್ ಇನ್‌ಸ್ಪೆಕ್ಟರ್, ಅಂದರೆ ವಾಹನ ತಪಾಸಣೆಯ ಅಧಿಕಾರಿ, ಬಂದರು. ನಂಬರ್ ಪ್ಲೇಟನ್ನು ಬಹಳ ಶ್ರದ್ಧೆಯಿಂದ ನೋಡಿದರು. ಎಚ್‌ಎಸ್‌ಆರ್‌ಪಿ ಎಂಬ ಸುರಕ್ಷಾ ನಂಬರ್ ಪ್ಲೇಟಿನ ಮೂಲೆಯಲ್ಲಿರುವ ಅಶೋಕಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಸಂಖ್ಯೆ, ಎಲ್ಲದರ ಫೋಟೊ ಆಯಿತು. ಹಾರ್ನ್ ಒತ್ತಿಸಿದರು, ನಮ್ಮ ದೇಶದಲ್ಲಿ ಅದು ವಾಹನದ ಪ್ರಧಾನ ಅಂಗ, ಒಪ್ಪುತ್ತೇನೆ. ಇಂಡಿಕೇಟರ್ ಹಾಕಿಸಿದರು. ಪಕ್ಕದ ಬಾಗಿಲಿನಲ್ಲಿ ಬಣ್ಣ ಸಿಪ್ಪೆ ಎದ್ದ ಕಡೆ ಉಗುರಿನಿಂದ ಕೆರೆದು, "ಇಲ್ಲಿ ಸ್ವಲ್ಪ ಪೇಂಟ್ ಮಾಡಿಸಿ ಮಾಷ್ಟ್ರೇ, ಗಾಡಿ ಚೆನ್ನಾಗಿ ಕಾಣುತ್ತದೆ" ಎಂದರು. ಆ ಸಿಪ್ಪೆ ಎದ್ದದ್ದು ಏಕೆ, ಅದರ ಹಿಂದೆ ತಗಡು ಉಳಿದಿದೆಯೋ ಇಲ್ಲವೋ ಎಂಬ ಕುತೂಹಲ ಅವರಿಗೆ ಹುಟ್ಟಲಿಲ್ಲ.

ನಾನೇ ಬಾಯಿಬಿಟ್ಟು ಕೇಳಿದೆ. "ಸರ್, ಬ್ರೇಕ್ ಎಡಕ್ಕೆ ಎಳೆಯುತ್ತಿತ್ತು. ಮೊನ್ನೆ ಮಾಡಿಸಿದ್ದೇನೆ. ಸರಿಯಾಗಿದೆಯೋ ಇಲ್ಲವೋ, ಒಮ್ಮೆ ನೀವು ಓಡಿಸಿ ನೋಡಬಹುದೇ?"

ಅವರು ನಕ್ಕರು. "ನೀವೇ ಓಡಿಸಿಕೊಂಡು ಬಂದಿದ್ದೀರಲ್ಲ ಮಾಷ್ಟ್ರೇ, ಇನ್ನೇನು ನೋಡುವುದು?"

ಬಂದದ್ದು ಎಂಜಿನ್ನಿನಿಂದ ಸ್ವಾಮಿ, ನಿಂತದ್ದು ಬ್ರೇಕಿನಿಂದಲೋ ಮೈದಾನದ ಕೆಸರಿನಿಂದಲೋ ಎಂಬುದೇ ನನ್ನ ಪ್ರಶ್ನೆ. ಹೀಗೆ ಹೇಳಬೇಕೆಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಅಷ್ಟೂ ಹೊತ್ತಿನಲ್ಲಿ ನನ್ನ ಗಾಡಿಯ ಮುಂದೆ ಬಗ್ಗಿದವನು ಒಬ್ಬನೇ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆಯುವ ಏಜೆಂಟರ ಹುಡುಗ. ಅವನಿಗೂ ಬೇಕಾದದ್ದು ಸಂಖ್ಯೆ ಮಾತ್ರ. ಉಳಿದಂತೆ ಯಾರೂ ಬಗ್ಗಲಿಲ್ಲ. ಕೆಳಗೆ ಇಣುಕಲಿಲ್ಲ. ಚಕ್ರ ಹಿಡಿದು ಅಲ್ಲಾಡಿಸಲಿಲ್ಲ. ಪೆಡಲಿನ ಮೇಲೆ ಕಾಲಿಡಲಿಲ್ಲ.

ಇನ್ನು ರೋಗದ ವಿಷಯ. ಈ ವ್ಯಾನಿಗೆ ಮತ್ತೆ ಮತ್ತೆ ಮರುಕಳಿಸುವ ಕಾಯಿಲೆ ಎಂದರೆ ಹಿಂದಿನ ಬಲಚಕ್ರದ ಬ್ರೇಕ್. ಡ್ರಮ್ಮಿನ ಒಳಗೆ ವೀಲ್ ಸಿಲಿಂಡರ್ ಎಂಬ ಪುಟ್ಟ ಸಾಮಾನು ಇರುತ್ತದೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ಅದರೊಳಗೆ ಒತ್ತಡ ಹುಟ್ಟಿಸಿ ಎರಡು ಬದಿಯ ಪಿಸ್ಟನ್‌ಗಳನ್ನು ಹೊರಕ್ಕೆ ತಳ್ಳುತ್ತದೆ, ಅವು ಲೈನಿಂಗ್ ಎಂಬ ಉಜ್ಜುಪಟ್ಟಿಯನ್ನು ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತುತ್ತವೆ. ಪ್ಯಾಸ್ಕಲನ ನಿಯಮ, ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬೇಕು, ಇಲ್ಲದಿದ್ದರೂ ಇದೆ ಎನ್ನಿ. ಒಳಗೆ ತುಕ್ಕು ಹಿಡಿದು ಸಣ್ಣ ಸಣ್ಣ ಗುಳಿಗಳು ಬಿದ್ದರೆ ಪಿಸ್ಟನ್ನಿನ ರಬ್ಬರ್ ಅಲ್ಲಿ ಉಜ್ಜಿ ಸವೆಯುತ್ತದೆ, ಆಯಿಲ್ ಸೋರುತ್ತದೆ, ಸೋರಿದ ಆಯಿಲ್ ಲೈನಿಂಗಿಗೆ ಹತ್ತುತ್ತದೆ. ಎಣ್ಣೆ ಕುಡಿದ ಲೈನಿಂಗ್ ಡ್ರಮ್ಮನ್ನು ಹಿಡಿಯುವುದಿಲ್ಲ. ಬಲಚಕ್ರ ಹಿಡಿಯದಿದ್ದರೆ ಗಾಡಿ ಎಡಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲಿ ಪ್ರತಿ ಸಲ ಹೊಸ ರಬ್ಬರ್ ಕಿಟ್ ಹಾಕಿ ಕೊಡುತ್ತಾರೆ. ಗುಳಿ ಅಲ್ಲೇ ಇರುತ್ತದೆ. ಹೊಸ ರಬ್ಬರನ್ನು ಅದು ಹಳೆಯ ರಬ್ಬರಿನಷ್ಟೇ ಪ್ರೀತಿಯಿಂದ ತಿನ್ನುತ್ತದೆ. ಈ ಸಲ ಹಟ ಹಿಡಿದು ಇಡೀ ಸಿಲಿಂಡರನ್ನೇ ಬದಲಾಯಿಸಿದೆ. ಕೆಲಸ ಸರಿಯಾಗಿದೆಯೇ ಎಂದು ಇನ್ನೊಂದು ಕಣ್ಣು ನೋಡಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಕರಾವಳಿಯಲ್ಲಿ ಲೋಹಕ್ಕೆ ಆಯುಷ್ಯ ಕಡಿಮೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಉಳಿದ ದಿನ ಉಪ್ಪುಗಾಳಿ. ತುಕ್ಕು ಶುರುವಾಗುವುದು ಕಾಣದ ಕಡೆಯಿಂದ, ನೀರು ಹರಿದುಹೋಗಬೇಕಾದ ತೂತುಗಳಲ್ಲಿ ಮಣ್ಣು ತುಂಬಿ. ಹೊರಗೆ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ತಗಡು ಮುಗಿದಿರುತ್ತದೆ. ಟಿಂಕರಿಂಗ್‌ನವರು ಅದಕ್ಕೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಅಡಿಗೆ ಕಪ್ಪು ಕೋಟಿಂಗ್ ಹೊಡೆದು ಕೊಟ್ಟರೆ ಗಾಡಿ ಮದುಮಗನಾಗುತ್ತದೆ. "ಚೆನ್ನಾಗಿ ಕಾಣುತ್ತದೆ" ಎಂಬ ಪರೀಕ್ಷೆಯಲ್ಲಿ ಅದಕ್ಕೆ ಪ್ರಥಮ ದರ್ಜೆ. ಎಷ್ಟೋ ವರ್ಷ ಉತ್ತರಪತ್ರಿಕೆ ತಿದ್ದಿದವನು ನಾನು. ಒಳಗಿನ ಉತ್ತರ ಓದದೆ ನೋಟ್‌ಬುಕ್ಕಿನ ಬೈಂಡು ನೋಡಿ ಅಂಕ ಕೊಟ್ಟಿದ್ದರೆ ಊರಿನವರು ನನ್ನನ್ನು ಸುಮ್ಮನೆ ಬಿಡುತ್ತಿದ್ದರೇ?

ದುಡ್ಡಿನ ಲೆಕ್ಕ ಈಗ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿಗೆ 15 ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ತುಂಬಿ, ಗಾಡಿ ತೋರಿಸಿ, ನವೀಕರಿಸಿಕೊಳ್ಳಬೇಕು. ಕಳೆದ ಸಲ ಕೊರೊನಾ ಗಲಾಟೆಯ ನಡುವೆ ಮಾಡಿಸಿದಾಗ ಕೇಂದ್ರದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರು, ವ್ಯಾನುಗಳಿಗೆ 10,000 ಎಂದರು. ರಾಜ್ಯದ ಹಸಿರು ತೆರಿಗೆ ಬೇರೆ. ಶುಲ್ಕ ಹದಿನಾರು ಪಟ್ಟಿಗಿಂತ ಹೆಚ್ಚಾಯಿತು, ತಪಾಸಣೆ ಒಂದು ನಿಮಿಷವೂ ಹೆಚ್ಚಾಗಲಿಲ್ಲ. ಹಳೆಯ ಗಾಡಿಗಳನ್ನು ರಸ್ತೆಯಿಂದ ಕಡಿಮೆ ಮಾಡಲು ಶುಲ್ಕ ಏರಿಸಿದ್ದಾರಂತೆ. ಒಳ್ಳೆಯದು. ಹಾಗಾದರೆ ಬ್ರೇಕ್ ಹಿಡಿಯದ ಗಾಡಿ ಹತ್ತು ಸಾವಿರ ಕೊಟ್ಟರೆ ಓಡಬಹುದು, ಬ್ರೇಕ್ ಹಿಡಿಯುವ ಗಾಡಿ ಕೊಡದಿದ್ದರೆ ಓಡಬಾರದು ಎಂದಾಯಿತು. ನನಗೆ ಹತ್ತು ಸಾವಿರ ಕೊಟ್ಟದ್ದರ ಬೇಸರವಿಲ್ಲ (ಇದೆ, ಆದರೆ ಅದು ಬೇರೆ ವಿಷಯ). ಆ ಹಣಕ್ಕೆ ಒಬ್ಬ ಮನುಷ್ಯ ಟಾರ್ಚು ಹಿಡಿದು ಗಾಡಿಯ ಅಡಿಗೆ ನುಗ್ಗಿದ್ದರೆ ರಸೀದಿಗೆ ಕುಂಕುಮ ಹಚ್ಚಿ ಇಟ್ಟುಕೊಳ್ಳುತ್ತಿದ್ದೆ.

ತಂಗಿಯ ಮಗ ಬರ್ಮಿಂಗ್‌ಹ್ಯಾಮಿನಲ್ಲಿದ್ದಾನೆ. ಸಂಜೆ ಫೋನಿನಲ್ಲಿ ನನ್ನ ಗೋಳು ಕೇಳಿ, "ಮಾವ, ನನ್ನ ಕಾರು ಹೋದ ಸಲ ಫೇಲ್ ಆಯಿತು" ಎಂದ, ಏನೋ ಪ್ರಶಸ್ತಿ ಬಂದವನ ಹಾಗೆ. ಅಲ್ಲಿ ಎಂಒಟಿ ಎಂಬ ಪರೀಕ್ಷೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಕಡ್ಡಾಯ. ಶುಲ್ಕ 54 ಪೌಂಡ್ 85 ಪೆನ್ಸ್ ಮೀರುವಂತಿಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ಅವರು ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ತುಕ್ಕಿನ ಕಷ್ಟ ಅವರಿಗೂ ಗೊತ್ತು. ಸೀಟ್ ಬೆಲ್ಟ್ ಬಿಗಿದ ಜಾಗದ 30 ಸೆಂಟಿಮೀಟರ್ ಒಳಗೆ ತಗಡು ತುಕ್ಕು ತಿಂದು ದುರ್ಬಲವಾಗಿದ್ದರೆ ಫೇಲ್. ಇವನ ಕಾರು ಫೇಲಾದದ್ದು ಬ್ರೇಕ್ ಪೈಪಿನ ತುಕ್ಕಿಗೆ. ಈಗಲೇ ಅಪಾಯವಿಲ್ಲದ, ಆದರೆ ಮುಂದೆ ಕೈಕೊಡಬಹುದಾದ ಸಂಗತಿಗಳನ್ನು ಬೇರೆಯಾಗಿ ಬರೆದು ಕೊಡುತ್ತಾರೆ. ವಾಹನದ ನಂಬರ್ ಹಾಕಿದರೆ ಅದರ ಪಾಸು ಫೇಲುಗಳ ಇತಿಹಾಸವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ಇಲ್ಲಿ ನನ್ನ ವ್ಯಾನನ್ನು ಮೊದಲ ಹದಿನೈದು ವರ್ಷ ಯಾರೂ ಕೇಳಲೇ ಇಲ್ಲ. ಬಾಡಿಗೆಗೆ ಓಡುವ ಹಳದಿ ಬೋರ್ಡಿನವರಿಗೆ ಎಫ್‌ಸಿ, ಅಂದರೆ ಗಾಡಿಯ ಯೋಗ್ಯತಾ ಪತ್ರದ ತಪಾಸಣೆ, ಇದೆ. ಎಂಟು ವರ್ಷ ದಾಟಿದರೆ ವರ್ಷಕ್ಕೊಮ್ಮೆ. ಬಿಳಿ ಬೋರ್ಡಿನ ಗಾಡಿಯ ಬ್ರೇಕು ಮಾತ್ರ ಮಾಲೀಕನ ಪುಣ್ಯದ ಮೇಲೆ ನಡೆಯುತ್ತದೆ.

ಅಧಿಕಾರಿಗಳ ಕಷ್ಟವನ್ನೂ ನೋಡಬೇಕು ಎಂದು ಕಚೇರಿಯ ಹೊರಗೆ ಚಹಾ ಕುಡಿಯುತ್ತಾ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಸಿಬ್ಬಂದಿ ಕಡಿಮೆ, ಸಾಲು ಉದ್ದ, ಒಬ್ಬರೇ ಲೈಸೆನ್ಸಿನ ಪರೀಕ್ಷೆಯನ್ನೂ ಮಾಡಬೇಕು, ಎಫ್‌ಸಿಯನ್ನೂ ನೋಡಬೇಕು. ನಿಜ. ಆ ಮನುಷ್ಯ ಕೆಟ್ಟವರಲ್ಲ, ನನ್ನಿಂದ ಒಂದು ಪೈಸೆ ಕೇಳಲಿಲ್ಲ, ಬಿಸಿಲಿನಲ್ಲಿ ನಿಂತಿದ್ದರು. ಆದರೆ ಬಿಡುವಿಲ್ಲ ಎಂಬುದು ಹತ್ತು ಸಾವಿರ ವಸೂಲು ಮಾಡಲು ಅಡ್ಡಿಯಾಗಲಿಲ್ಲವಲ್ಲ! ಕೈಯಲ್ಲಿ ಆಗದಿದ್ದರೆ ಯಂತ್ರವಿದೆ. ರೋಲರಿನ ಮೇಲೆ ಚಕ್ರ ನಿಲ್ಲಿಸಿ ತಿರುಗಿಸಿ ಬ್ರೇಕ್ ತುಳಿದರೆ ಎಡಚಕ್ರ ಎಷ್ಟು ಹಿಡಿಯಿತು, ಬಲಚಕ್ರ ಎಷ್ಟು ಎಂದು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ನನ್ನ ಸಂಶಯ ಬಗೆಹರಿಯಲು ಕೆಲವು ನಿಮಿಷ ಸಾಕು. ಇಂಥ ಯಂತ್ರಗಳಿರುವ ಸ್ವಯಂಚಾಲಿತ ಕೇಂದ್ರಗಳಿಗೆ ನಿಯಮ ಬಂದದ್ದು 2021ರಲ್ಲಿ. ನೆಲಮಂಗಲದಲ್ಲಿ ಒಂದು ಕೇಂದ್ರವಿದೆ. ಬ್ರೇಕ್ ಪರೀಕ್ಷೆಗೆಂದು ನಾನು ಇಡೀ ಶಿರಾಡಿ ಘಾಟಿ ಹತ್ತಿ ಇಳಿಯಬೇಕು ಎಂದರೆ, ಅದೇ ಪರೀಕ್ಷೆಯಾಯಿತು ಬಿಡಿ.

ಘಾಟಿ ಎಂದಾಗ ನೆನಪಾಯಿತು, ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವಾಗ, ಹಿಂದಿನ ಸೀಟಿನಲ್ಲಿ ಹೆಂಡತಿ, ಅವಳ ಅಕ್ಕ, ಮೊಮ್ಮಗ. ಮಂಜು. ಒಂದು ತಿರುವಿನಲ್ಲಿ ಪೆಡಲ್ ಎಂದಿಗಿಂತ ಆಳಕ್ಕೆ ಹೋಯಿತು, ಕಾಲಿನ ಕೆಳಗೆ ಏನೂ ಇಲ್ಲದ ಹಾಗೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಆಯಿಲ್ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಗುಳ್ಳೆ ಏಳುತ್ತದೆ, ಪೆಡಲ್ ಗುಳ್ಳೆಯನ್ನು ಒತ್ತುತ್ತದೆಯೇ ಹೊರತು ಚಕ್ರವನ್ನಲ್ಲ. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಕಲಿಸಬಲ್ಲ ನಾನು ಆ ಕ್ಷಣದಲ್ಲಿ ಎರಡನೇ ಗೇರಿಗೆ ಹಾಕಿ, ಕೈಬ್ರೇಕ್ ಎಳೆದು, ಮಂಜುನಾಥಾ ಎಂದೆ. ಗಾಡಿ ನಿಂತಿತು. "ಚಹಾ ಕುಡಿಯಲು ನಿಲ್ಲಿಸಿದಿರಾ?" ಎಂದು ಹಿಂದಿನಿಂದ ಹೆಂಡತಿ ಕೇಳಿದಳು. ಹೌದು ಎಂದೆ. ಇವತ್ತು ಇದನ್ನು ಓದಿ ಅವಳಿಗೆ ಗೊತ್ತಾಗುತ್ತದೆ, ಆಗಲಿ.

ಆದ್ದರಿಂದಲೇ ಪೇಂಟಿನ ಉಪದೇಶ ನನಗೆ ಅಷ್ಟು ಉರಿಯಿತು. ಆದರೂ "ಪಾಸ್" ಎಂದಾಗ ಒಂದು ಕ್ಷಣ ಖುಷಿಯಾದದ್ದು ಸುಳ್ಳಲ್ಲ. ಹೈಸ್ಕೂಲಿನಲ್ಲಿ ಗಣಿತದಲ್ಲಿ ಪಾಸಾದಾಗಲೂ ಹೀಗೇ ಆಗಿತ್ತು, ಅಲ್ಲಿಯೂ ನನಗೆ ಕಾರಣ ತಿಳಿದಿರಲಿಲ್ಲ.

ಹೊಗೆ ತಪಾಸಣೆಯ ಬಗ್ಗೆಯೂ ಒಂದು ಮಾತು. ಅವರು ಕೊನೆಯ ಪಕ್ಷ ಸೈಲೆನ್ಸರಿಗೆ ಕೊಳವೆ ತೂರಿಸುತ್ತಾರೆ. ನನ್ನ ಕಾಲದ ಗಾಡಿಗೆ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5 ಮೀರಬಾರದು, ಆರು ತಿಂಗಳಿಗೊಮ್ಮೆ ಮಾಡಿಸಬೇಕು. ಒಮ್ಮೆ ಸೈಲೆನ್ಸರಿನ ನಡುವೆ ತುಕ್ಕಿನ ತೂತು ಬಿದ್ದಿತ್ತು. ಅದರ ಮೂಲಕ ಹೊರಗಿನ ಗಾಳಿ ಬೆರೆತರೆ ಅಳತೆ ಕಡಿಮೆ ಬರುತ್ತದೆ ಎಂದು ಗೊತ್ತಿತ್ತು, ಹೇಳಿದೆ. "ಬಿಡಿ ಮಾಷ್ಟ್ರೇ, ರೀಡಿಂಗ್ ಚೆನ್ನಾಗಿದೆ" ಎಂದು ಅಲ್ಲಿನ ಹುಡುಗ ಸರ್ಟಿಫಿಕೇಟ್ ಮುದ್ರಿಸಿ ಕೊಟ್ಟ. ಅವನೂ ಬಗ್ಗಲಿಲ್ಲ.

ದೆಹಲಿಯ ಕಡೆ ಇನ್ನೊಂದು ವಿನೋದ. ಡೀಸೆಲ್ಲಿಗೆ ಹತ್ತು ವರ್ಷ, ಪೆಟ್ರೋಲಿಗೆ ಹದಿನೈದು ವರ್ಷ ಎಂದು ಗೆರೆ ಎಳೆದು, 2025ರ ಜುಲೈನಲ್ಲಿ ಅಂಥ ಗಾಡಿಗಳಿಗೆ ಬಂಕಿನಲ್ಲಿ ಇಂಧನವನ್ನೇ ಕೊಡುವುದಿಲ್ಲ ಎಂದು ಹೊರಟು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಅಲ್ಲಿ ಹುಟ್ಟಿದ ವರ್ಷ ನೋಡುತ್ತಾರೆ, ಇಲ್ಲಿ ಬಣ್ಣ ನೋಡುತ್ತಾರೆ. ಬ್ರೇಕ್ ನೋಡುವವರು ಎರಡೂ ಕಡೆ ಇಲ್ಲ. ನಮ್ಮ ಬೀದಿಯಲ್ಲೇ ನಾಲ್ಕು ವರ್ಷದ ದೊಡ್ಡ ಕಾರೊಂದಿದೆ, ಅದರ ಟೈರು ನನ್ನ ತಲೆಯಷ್ಟೇ ನುಣುಪು. ಅದಕ್ಕೆ ಇನ್ನು ಹನ್ನೊಂದು ವರ್ಷ ಹೊಗೆ ತಪಾಸಣೆ ಬಿಟ್ಟರೆ ಯಾವ ಪರೀಕ್ಷೆಯೂ ಇಲ್ಲ.

ನಾಳೆ ಬೆಳಿಗ್ಗೆ ವ್ಯಾನನ್ನು ಪೇಟೆಯ ಇನ್ನೊಂದು ಗ್ಯಾರೇಜಿಗೆ ಒಯ್ಯುತ್ತಿದ್ದೇನೆ. ಅಲ್ಲಿ ಲಿಫ್ಟ್ ಇದೆಯಂತೆ. ಎತ್ತಿ ನಿಲ್ಲಿಸಿ, ನಾಲ್ಕೂ ಡ್ರಮ್ಮು ಡಿಸ್ಕು ಬಿಚ್ಚಿ, ಪೈಪುಗಳನ್ನು ಒರೆಸಿ ನೋಡಿ ಎಂದು ಹೇಳಿದ್ದೇನೆ. ಅದರ ಖರ್ಚು ಬೇರೆ, ರಸೀದಿ ಸರಕಾರಕ್ಕೆ ಬೇಡ.

"ಗುಜರಿಗೆ ಹಾಕಿ ಮಾಷ್ಟ್ರೇ, ಹೊಸದು ತೆಗೆದುಕೊಳ್ಳಿ" ಎಂದು ಕಮೆಂಟ್ ಬರೆಯಲು ಕೆಲವರು ಆಗಲೇ ಬೆರಳು ಎತ್ತಿರುತ್ತೀರಿ. ಬರೆಯಿರಿ. ಆದರೆ ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ ಎಂಬುದನ್ನೂ ಅದೇ ಕಮೆಂಟಿನಲ್ಲಿ ತಿಳಿಸಬೇಕು.