ಪ್ಲೇಟಿಂಗ್ ಶೆಡ್‌ನ ಎಸ್‌ಸಿಆರ್ ತೆಗೆದು ಐಜಿಬಿಟಿ ಹಾಕಬೇಕೆ?

ಪರ

ಕರೆಂಟ್ ಹರಿಸಿ ಲೋಹದ ಮೇಲೆ ಇನ್ನೊಂದು ಲೋಹದ ಪದರ ಕೂರಿಸುವ, ಪೀಣ್ಯದ ಯಾವುದೇ ಹಳೆಯ ಪ್ಲೇಟಿಂಗ್ ಶೆಡ್ ಹೊಕ್ಕರೆ ಮೂಲೆಯಲ್ಲಿ ಗುಂಯ್‌ಗುಡುವ ರೆಕ್ಟಿಫೈಯರ್ ಪೆಟ್ಟಿಗೆ, ಅಂದರೆ ಎಸಿಯನ್ನು ಡಿಸಿ ಮಾಡುವ ಮೆಷಿನ್, ಕಾಣುತ್ತದೆ. 12 ವೋಲ್ಟ್, 1000 ಆಂಪಿಯರ್ ಅಂದುಕೊಳ್ಳಿ. ಕರೆಂಟನ್ನು ಹತೋಟಿಯಲ್ಲಿಡುವುದು ಎಸ್‌ಸಿಆರ್, ಅಂದರೆ ಥೈರಿಸ್ಟರ್. 1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಹುಟ್ಟಿದ ಈ ಸ್ವಿಚ್ಚಿಗೆ ಹೇಳಿದಾಗ ಆನ್ ಆಗುವುದು ಗೊತ್ತು, ಹೇಳಿದಾಗ ಆಫ್ ಆಗುವುದು ಗೊತ್ತಿಲ್ಲ. ಗೇಟ್ ಎನ್ನುವ ಅದರ ನಿಯಂತ್ರಣದ ತುದಿಗೆ ಒಮ್ಮೆ ಪಲ್ಸ್ ಬಿದ್ದರೆ ಮುಗಿಯಿತು, ಕರೆಂಟ್ ತಾನಾಗಿ ಸೊನ್ನೆಗಿಳಿಯುವ ತನಕ ಅದು ಯಾರ ಮಾತನ್ನೂ ಕೇಳುವುದಿಲ್ಲ.

ವೋಲ್ಟೇಜ್ ಇಳಿಸಬೇಕಾದರೆ ಅದಕ್ಕಿರುವ ದಾರಿ ಒಂದೇ, ತಡವಾಗಿ ಆನ್ ಆಗುವುದು. ಆರು ಎಸ್‌ಸಿಆರ್‌ಗಳ ಪೂರ್ಣ ನಿಯಂತ್ರಿತ ಮೂರು ಫೇಸ್ ಬ್ರಿಜ್‌ನಲ್ಲಿ 60 ಡಿಗ್ರಿ ತಡವಾದರೆ ಡಿಸಿ ಅರ್ಧಕ್ಕಿಳಿಯುತ್ತದೆ, ಪವರ್ ಫ್ಯಾಕ್ಟರ್ (ಲೈನಿನಿಂದ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕೂಡ 0.5ರ ಆಸುಪಾಸಿಗೆ ಬರುತ್ತದೆ. ಸಣ್ಣ ಜಾಬ್ ಬಂದ ದಿನವೆಲ್ಲ ಇದೇ ಕಥೆ, ತಿಂಗಳ ಕೊನೆಗೆ ಬಿಲ್ಲಿನಲ್ಲಿ ದಂಡ. ಅದಕ್ಕೆಂದು ಕೆಪಾಸಿಟರ್ ಕೂರಿಸಿದರೆ ಇದೇ ಬ್ರಿಜ್ ಲೈನಿಗೆ ತಳ್ಳುವ 250, 350 ಹರ್ಟ್ಸ್‌ನ ಹಾರ್ಮೋನಿಕ್‌ಗಳು, ಅಂದರೆ ಲೈನಿನ 50 ಹರ್ಟ್ಸ್‌ನ ಐದು, ಏಳು ಪಟ್ಟಿನ ಅಲೆಗಳು, ಆ ಕೆಪಾಸಿಟರನ್ನೇ ಕಾಯಿಸಿ ಉಬ್ಬಿಸುತ್ತವೆ. ಇನ್ನು ರಿಪ್ಪಲ್, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತ. ತಡವಾಗಿ ಆನ್ ಆದಷ್ಟೂ ಅದು ಹೆಚ್ಚುತ್ತದೆ. ಸವೆತ ತಾಳಲು ಹಾಕುವ ಹಾರ್ಡ್ ಕ್ರೋಮ್ ಪದರಕ್ಕೆ ಅದು ಶೇ. 5ರೊಳಗಿರಬೇಕು, ಇಲ್ಲದಿದ್ದರೆ ಹೊಳಪು ಮಂಕಾಗುತ್ತದೆ.

ಐಜಿಬಿಟಿ ಎನ್ನುವ ಟ್ರಾನ್ಸಿಸ್ಟರ್ ಸ್ವಿಚ್ಚನ್ನು ಗೇಟಿನಿಂದಲೇ ಆಫ್ ಮಾಡಬಹುದು, ಸೆಕೆಂಡಿಗೆ 20,000 ಸಲ ಬೇಕಾದರೂ. ಆ ವೇಗದಲ್ಲಿ ಟ್ರಾನ್ಸ್‌ಫಾರ್ಮರ್ ಕುಗ್ಗಿ ಒಬ್ಬನೇ ಎತ್ತುವಷ್ಟಾಗುತ್ತದೆ, ರಿಪ್ಪಲ್ ಸೋಸಲು ಸಣ್ಣ ಚೋಕ್ ಸಾಕು. ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕರೆಂಟ್ ಕೊಟ್ಟು ನಿಲ್ಲಿಸುವ ಪಲ್ಸ್ ಪ್ಲೇಟಿಂಗ್ ಎಸ್‌ಸಿಆರ್‌ನಿಂದ ಆಗುವ ಕೆಲಸವೇ ಅಲ್ಲ. 1980ರ ದಶಕದ ಆರಂಭದಲ್ಲಿ ಈ ಸಾಧನಕ್ಕೆ ರೂಪ ಕೊಟ್ಟ ಜಯಂತ್ ಬಾಳಿಗಾ ಬೆಳೆದದ್ದು ಪೀಣ್ಯದ ಮಗ್ಗುಲಿನ ಜಾಲಹಳ್ಳಿಯಲ್ಲಿ. ನಮ್ಮ ಶೆಡ್‌ಗಳಿಗೆ ಅದು ಇಷ್ಟು ತಡವಾಗಿ ಬರುತ್ತಿರುವುದೇ ನನಗೆ ಸೋಜಿಗ.

ವಿರೋಧ

ಜಾಲಹಳ್ಳಿಯ ಹೆಮ್ಮೆ ನನಗೂ ಇದೆ. ಆದರೆ ಹೆಮ್ಮೆಯನ್ನು ಹೀಟ್‌ಸಿಂಕ್‌ಗೆ ಬೋಲ್ಟ್ ಹಾಕಿ ಬಿಗಿಯಲಾಗುವುದಿಲ್ಲ.

ಮೊದಲನೆಯದಾಗಿ, ‘ತೆಗೆದು ಹಾಕುವುದು’ ಅನ್ನುವ ಮಾತೇ ತಪ್ಪು. ಎಸ್‌ಸಿಆರ್ ಎರಡೂ ದಿಕ್ಕಿನ ವೋಲ್ಟೇಜನ್ನು ತಡೆಯುತ್ತದೆ. ಮಾರುಕಟ್ಟೆಯ ಸಾಮಾನ್ಯ ಐಜಿಬಿಟಿ ಮಾಡ್ಯೂಲ್‌ನ ಬೆನ್ನಿಗೆ, ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಒಂದು ಉಲ್ಟಾ ಇರುತ್ತದೆ. ಅದೇ ಜಾಗದಲ್ಲಿ ಕೂರಿಸಿದರೆ ಡಯೋಡ್ ತನ್ನ ಪಾಡಿಗೆ ಕರೆಂಟ್ ಹರಿಸುತ್ತದೆ, ಗೇಟ್ ನೋಡುತ್ತಾ ಕೂರುತ್ತದೆ. ಐಜಿಬಿಟಿಯನ್ನು ನೇರ ಲೈನಿಗೆ ಕಟ್ಟಿದ ರೆಕ್ಟಿಫೈಯರ್ ವೋಲ್ಟೇಜನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. 415 ವೋಲ್ಟ್ ಲೈನಿನ ಶಿಖರ ಸುಮಾರು 587, ಡಿಸಿ ಅದಕ್ಕಿಂತ ಮೇಲಿರಬೇಕು. ಅಲ್ಲಿಂದ 12ಕ್ಕೆ ಇಳಿಯಲು ಇನ್ನೊಂದು ಹಂತ ಬೇಕು. ಅಂದರೆ ನೀವು ಬದಲಿಸುತ್ತಿರುವುದು ಸ್ವಿಚ್ಚನ್ನಲ್ಲ, ಇಡೀ ಮೆಷಿನ್ನನ್ನು.

ಕಡಿಮೆ ಖರ್ಚಿನ ಮಾದರಿಗಳಲ್ಲಿ ಲೈನಿಗೆ ಕಟ್ಟುವ ಆ ಐಜಿಬಿಟಿ ರೆಕ್ಟಿಫೈಯರ್ ಹಂತವನ್ನು ಬಿಟ್ಟು, ಅಲ್ಲಿ ಬರೀ ಡಯೋಡ್ ಬ್ರಿಜ್ ಹಾಕುತ್ತಾರೆ. ಪವರ್ ಫ್ಯಾಕ್ಟರ್ ಸುಧಾರಿಸುತ್ತದೆ, ಒಪ್ಪಿದೆ. ಆ 250, 350 ಹರ್ಟ್ಸ್ ಮಾತ್ರ ಹಾಗೇ ಉಳಿಯುತ್ತವೆ. ಕರೆಂಟ್ ಉಳಿತಾಯದ ಮಾತೂ ಅಷ್ಟೇ. 1000 ಆಂಪಿಯರ್‌ಗೆ 1 ವೋಲ್ಟ್ ನಷ್ಟವಾದರೆ ಗಂಟೆಗೆ ಒಂದು ಯೂನಿಟ್ ಶಾಖವಾಗಿ ಹೋಗುತ್ತದೆ. ಹೊಸ ಮೆಷಿನ್ನಿನಲ್ಲಿ ಇದು ಹೆಚ್ಚುಕಡಿಮೆ ಅರ್ಧವಾಗುವುದು ಕಡಿಮೆ ವೋಲ್ಟೇಜ್ ಕಳೆಯುವ ಷಾಟ್ಕಿ ಡಯೋಡಿನಿಂದ, ಐಜಿಬಿಟಿಯಿಂದಲ್ಲ. ಹೊಗಳಿಕೆ ಮಾತ್ರ ಅದರ ಪಾಲಿಗೆ!

ಪೆಟ್ಟು ತಾಳುವ ಗುಣ ನೋಡಿ. ಎಸ್‌ಸಿಆರ್ ತನ್ನ ಸಾಮಾನ್ಯ ಕರೆಂಟಿನ ಹತ್ತು ಪಟ್ಟನ್ನು ಅರ್ಧ ಸೈಕಲ್, ಅಂದರೆ 10 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಸರಿಯಾದ ಫ್ಯೂಸ್ ಇದ್ದರೆ ಬಚಾವ್. ಐಜಿಬಿಟಿಗೆ ಶಾರ್ಟ್ ಆದಾಗ ಸಿಗುವ ಕಾಲ ಸುಮಾರು 10 ಮೈಕ್ರೋಸೆಕೆಂಡ್, ಅಷ್ಟರೊಳಗೆ ಅದರ ಗೇಟನ್ನು ನಡೆಸುವ ಡ್ರೈವರ್ ಕಾರ್ಡ್ ಗುರುತಿಸಿ ಆಫ್ ಮಾಡಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವಂತೆ, ಸ್ವಿಚ್ಚಿಗಿಂತ ಅದನ್ನು ಕಾಯುವ ಕಾರ್ಡೇ ದೊಡ್ಡದು. ಆ ಕಾರ್ಡ್ ಇರುವುದು ಎಲ್ಲಿ? ಆ್ಯಸಿಡ್ ಹೊಗೆಯಲ್ಲಿ. ಫ್ಯಾನ್ ಎಳೆದುಕೊಳ್ಳುವ ಗಾಳಿ ತಾಮ್ರದ ಗೆರೆಗಳನ್ನು ಹಸಿರಾಗಿಸುತ್ತದೆ.

ಎಣ್ಣೆಯಲ್ಲಿ ಮುಳುಗಿದ ಹಳೆಯ ಮೆಷಿನ್ ಕೆಟ್ಟರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರೋಡ್‌ನಲ್ಲಿ ಎಸ್‌ಸಿಆರ್ ತಂದು ಸಂಜೆಯೊಳಗೆ ಓಡಿಸಬಹುದು. ಹೊಸ ಶೆಡ್ ಹಾಕುವವರು ಐಜಿಬಿಟಿ ಕೊಳ್ಳಲಿ, ನನ್ನ ತಕರಾರಿಲ್ಲ. ಓಡುತ್ತಿರುವುದನ್ನು ಕಿತ್ತು ಎಸೆಯಬೇಡಿ. ಕ್ರೋಮ್ ತೊಟ್ಟಿಯಲ್ಲಿ ಶಾಫ್ಟ್ ನೇತಾಡುತ್ತಿರುವಾಗ ಕರೆಂಟ್ ನಿಂತರೆ, ಮತ್ತೆ ಶುರು ಮಾಡಿದಾಗ ಬರುವ ಪದರ ಹಳೆಯದಕ್ಕೆ ಸರಿಯಾಗಿ ಅಂಟುವುದಿಲ್ಲ. ಕಾರ್ಡ್ ಕೊರಿಯರ್‌ನಲ್ಲಿ ಬರುವ ತನಕ ಆ ಶಾಫ್ಟ್ ಕಾಯುವುದಿಲ್ಲ.